ಹಳೇ ಕೋವಿಯ ಮೊದಲ ಯಜಮಾನ ಸಿಕ್ಕಿದ್ದು ಹೀಗೆ

ವಿರಾಜಪೇಟೆ ಕಡೆಯ ಒಂದು ಐನ್‌ಮನೆಯ (ಕೊಡವರ ಮೂಲ ಕುಟುಂಬದ ಮನೆ) ಜೋಡುನಳಿಗೆ ಕೋವಿ. 12 ಬೋರ್, ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ, ಮೇಲೆ ಲಂಡನ್ನಿನ ಆರ್ಮಿ ಆ್ಯಂಡ್ ನೇವಿ ಅಂಗಡಿಯ ಹೆಸರು. ಹುಲಿ ಹೊಡೆದ ಯಾವುದೋ ಕರ್ನಲ್ ಕೊಟ್ಟದ್ದು ಅಂತ ಮನೆಯವರ ಮಾತು. ಕೊಡವರಿಗೆ ಲೈಸೆನ್ಸ್ ಬೇಕಿಲ್ಲವಲ್ಲ, ಹಾಗಾಗಿ ಕೈಬದಲಾದ ಕಾಗದವೂ ಇಲ್ಲ. "ಬಿಡು ಮಾರಾಯಾ, ಆ ಕಾಲದ ದೊರೆ ಈಗ ಎಲ್ಲಿ ಸಿಗ್ತಾನೆ?" ಅಂದವರೇ ಎಲ್ಲ. ಸಿಕ್ಕಿದ.

ಮರದ ಹಿಡಿಯ ಅಡಿಯಲ್ಲಿ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ ಬೆಳ್ಳಿಯ ಪುಟ್ಟ ಬಿಲ್ಲೆ ಇರುತ್ತದಲ್ಲ, ಇದರದ್ದು ಪೂರ್ತಿ ಸವೆದಿತ್ತು. ಪ್ರತಿ ವರ್ಷ ಕೈಲ್‌ಮುಹೂರ್ತಕ್ಕೆ (ಕೊಡವರ ಆಯುಧಪೂಜೆ ಹಬ್ಬ) ಬೂದಿ ಹಾಕಿ ತಿಕ್ಕಿದರೆ ಅಕ್ಷರ ಉಳಿಯುತ್ತದಾ? ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ, ಏನೂ ಬರಲಿಲ್ಲ. ಅಕ್ಕಸಾಲಿಗರೊಬ್ಬರು ಆ್ಯಸಿಡ್ ಹಚ್ಚೋಣ ಅಂದರು, ಕೈ ಮುಗಿದು ಬಂದೆ. ಫೋಟೋ ನೋಡಿಯೇ ವಂಶಾವಳಿ ಹೇಳುವ ಒಬ್ಬ ತಜ್ಞರಿಗೆ ಸುಮಾರು ಐದು ಸಾವಿರ ಕೊಟ್ಟೆ. ಬಂದದ್ದು ಒಂದು ಪುಟ, ಅದೂ ಅಂಗಡಿಯ ಇತಿಹಾಸ. ಅದು ನನಗೇ ಗೊತ್ತಿತ್ತು: 1871ರಲ್ಲಿ ಅಧಿಕಾರಿಗಳೇ ಸೇರಿ ಕಟ್ಟಿದ ಸಹಕಾರಿ ಸಂಘ ಅದು.

ಕೊನೆಗೆ ಕೆಲಸಕ್ಕೆ ಬಂದದ್ದು ಕತ್ತಲೆ ಕೋಣೆ ಮತ್ತು ಟಾರ್ಚ್. ಬೆಳಕನ್ನು ಬಿಲ್ಲೆಗೆ ಬಹುತೇಕ ಸಮಾನಾಂತರವಾಗಿ ಹಿಡಿದು, ಸುತ್ತ ನಾಲ್ಕೂ ಕಡೆಯಿಂದ ಫೋಟೋ. ಅದಕ್ಕೆ ಮೊದಲು ಬೆಳ್ಳಿಗೆ ಒಂದು ವಸ್ತು ತೆಳ್ಳಗೆ ಸವರುತ್ತೇನೆ. ಅದು ನನ್ನ ಬಳಿಯೇ ಇರಲಿ, ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದೇ. ಮೂರಕ್ಷರದಲ್ಲಿ ಎರಡು ಎದ್ದು ಬಂದವು! ಇದೇ ಉಪಾಯವನ್ನು ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕತ್ತಿ) ಬೆಳ್ಳಿ ಒರೆಯ ಮೇಲೂ ಮಾಡಿ ನೋಡಿದೆ, ಚೆನ್ನಾಗಿ ಬಂತು. ಹಿತ್ತಾಳೆ ಬೀಗದ ಮೇಲೆ ಸುಖವಿಲ್ಲ.

ಇಸವಿಗೆ ಪ್ರೂಫ್ ಮುದ್ರೆ, ಅಂದರೆ ನಳಿಗೆ ಪರೀಕ್ಷಿಸಿ ಒತ್ತಿದ ಗುರುತು, ನೋಡಿದೆ. ವಜ್ರಾಕಾರದೊಳಗೆ 12 ಮತ್ತು ಸಿ ಇತ್ತು, ಅಂದರೆ 1887ರ ನಂತರದ್ದು. ನೈಟ್ರೋ ಮುದ್ರೆ ಇಲ್ಲ, ಅಂದರೆ ಹೊಗೆಯಿಲ್ಲದ ಹೊಸ ಮದ್ದಿಗೆ ಪರೀಕ್ಷೆ ಆಗಿಲ್ಲ. (ಇಂಥದ್ದಕ್ಕೆ ಈಗಿನ ತೋಟೆ ಹಾಕಲೇಬೇಡಿ. ಈ ಮನೆಯಲ್ಲಿ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತಾರೆ, ಅಷ್ಟೇ.)

ಚರ್ಮದ ಪೆಟ್ಟಿಗೆಯ ಮುಚ್ಚಳದಲ್ಲಿ ಹೆಸರು ಹೋಗಿ "ಆರ್.ಇ." ಮಾತ್ರ ಉಳಿದಿತ್ತು. ರಾಯಲ್ ಎಂಜಿನಿಯರ್ಸ್, ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳ. ಎಲ್ಲರೂ ಮದ್ರಾಸ್ ಪದಾತಿ ದಳಗಳಲ್ಲೇ ಹುಡುಕಿ ಸೋತದ್ದು ಇಲ್ಲೇ. ಬೆಂಗಳೂರಿನಲ್ಲಿದ್ದ ಸೇನಾ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನ ಬ್ರಿಟಿಷ್ ಅಧಿಕಾರಿಗಳು ರಾಯಲ್ ಎಂಜಿನಿಯರ್ಸ್‌ನವರು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೇ ಆರ್ಮಿ ಲಿಸ್ಟ್‌ಗಳನ್ನು (ಸೇನಾಧಿಕಾರಿಗಳ ಪಟ್ಟಿ) ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಆ ಎರಡು ಅಕ್ಷರಕ್ಕೆ ಐದಾರು ಜನ ಹೊಂದಿದರು. ಅವರಲ್ಲಿ ಸ್ಯಾಪರ್ಸ್ ಜೊತೆ ಬೆಂಗಳೂರಿಗೆ ಬಂದವನು ಒಬ್ಬನೇ. ಬಡ್ತಿಯ ತಾರೀಕುಗಳನ್ನು ಬ್ರಿಟಿಷ್ ಸರ್ಕಾರದ ರಾಜಪತ್ರ ಲಂಡನ್ ಗೆಜೆಟ್‌ನಲ್ಲಿ ತಾಳೆ ನೋಡಿದೆ. ಅದೂ ಪುಕ್ಕಟೆ.

ಆಮೇಲೆ ಕೋವಿಯ ನಂಬರ್ ಕಳಿಸಿದೆ. ಆ ಅಂಗಡಿಯ ಹಳೇ ಕೋವಿ ರಿಜಿಸ್ಟರ್‌ಗಳು ಈಗ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿವೆ. ಹೆಸರನ್ನು ಬೇಕೆಂದೇ ಬರೆಯಲಿಲ್ಲ, ನಂಬರ್ ಮಾತ್ರ. ಕೆಲವು ವಾರ ಬಿಟ್ಟು ಉತ್ತರ ಬಂತು. ನಾನು ಹಿಡಿದಿದ್ದ ಹೆಸರೇ! ಕರ್ನಲ್ ಅಲ್ಲ, ಆಗಿನ್ನೂ ಲೆಫ್ಟಿನೆಂಟ್. ಅವನ ಮನೆತನದವರು ಇಂಗ್ಲೆಂಡಿನಲ್ಲಿ ಇರಬಹುದು, ಹಾಗಾಗಿ ಹೆಸರು ಇಲ್ಲಿ ಬೇಡ.

ಒಟ್ಟು ಖರ್ಚು ಹನ್ನೆರಡು ಸಾವಿರದ ಆಸುಪಾಸು. ತಜ್ಞರಿಗೆ ಸುಮ್ನೆ ಕೊಟ್ಟದ್ದು ಕಳೆದರೆ ಏಳು. ಐನ್‌ಮನೆಯ ಹಿರಿಯರು ಎಲ್ಲ ಕೇಳಿ, "ಆಮೇಲಾದ್ರೂ ಕರ್ನಲ್ ಆದ್ನಾ?" ಅಂದರು. ಮೇಜರ್‌ವರೆಗೆ ಆಗಿದ್ದ. ಅವರಿಗೆ ಅಷ್ಟು ಸಾಕಾಗಲಿಲ್ಲ.

ಈಗ ಸೋಮವಾರಪೇಟೆಯಿಂದ ಇನ್ನೊಂದು ಬಂದಿದೆ. ನಳಿಗೆ ಮೇಲೆ "ನಾಟ್ ಫಾರ್ ಬಾಲ್" (ಒಂಟಿ ಗುಂಡು ಹಾಕಬಾರದು) ಅಂತಿದೆ, ಅಂದರೆ 1875ರಿಂದ 1887ರ ಒಳಗಿನದ್ದು. ಬಿಲ್ಲೆಯೇ ಇಲ್ಲ, ಯಾರೋ ಕಿತ್ತು ಮಾರಿದ್ದಾರೆ. ನಂಬರಿನಿಂದಲೇ ಶುರು ಮಾಡಬೇಕು.