ವಸಂತ ಬಂತಾ ಎಂದು ಕಿವಿಯನ್ನೇ ಕೇಳಿ

ಫೆಬ್ರವರಿ ಬಂದರೆ ಸಾಕು, ನಮ್ಮ ಮನೆಗೆ ಬೆಂಗಳೂರಿನ ನೆಂಟರು ಉದ್ದ ಮೂತಿಯ ಕ್ಯಾಮೆರಾ ಹೊತ್ತು ಬರುತ್ತಾರೆ. ಒಂಬತ್ತಕ್ಕೆ ಎದ್ದು, ಅಕ್ಕಿ ರೊಟ್ಟಿ ಮುಗಿಸಿ, ತೋಟದಲ್ಲಿ ಒಂದು ಸುತ್ತು ಹಾಕಿ, 'ಏನೂ ಹೊಸದಿಲ್ಲ, ಅದೇ ಹಕ್ಕಿಗಳು' ಅನ್ನುತ್ತಾ ವಾಪಸ್. ಹೌದು ಸ್ವಾಮಿ, ಅದೇ ಹಕ್ಕಿಗಳು! ಕೊಡಗಿನಲ್ಲಿ ವಸಂತ ಗೊತ್ತಾಗುವುದೇ ವರ್ಷವಿಡೀ ಇಲ್ಲಿರುವ ಹಕ್ಕಿಗಳ ನಡತೆ ಬದಲಾದಾಗ. ಯುಗಾದಿವರೆಗೆ ಕಾದರೆ ಅರ್ಧ ಆಟ ಮುಗಿದಿರುತ್ತದೆ. ಆ ಬದಲಾವಣೆಗಳನ್ನು ಗುರುತಿಸಿ ತಾರೀಖು ಹಾಕಿ ಬರೆದಿಡುವುದು ಹೀಗೆ.

1. ಜಾಗ ಹಿಡಿಯಿರಿ. ತೋಟದವರು ಡಡಾಪ್ ಎಂದೂ ಕರೆಯುವ ಹಾಲುವಾಣದ ಮರ ಕಾಣುವ ಕಡೆ ಕುಳಿತುಕೊಳ್ಳಿ. ನೆರಳು ಕಡಿಮೆ ಮಾಡಲು ಕೊಂಬೆ ಕಡಿಯುವ ಮರಗಸಿಯಲ್ಲಿ ಬೋಳಿಸಿದ ಮರ ಬೇಡ, ಅದರಲ್ಲಿ ಹೂ ಎಲ್ಲಿಂದ ಬರಬೇಕು? ಎಲೆ ಉದುರಿ ಕೆಂಪು ಹೂ ಬಿಟ್ಟ ಮರಕ್ಕೆ ಗೊರವಂಕ, ಕಾಜಾಣ, ಗಿಳಿ, ಅಳಿಲು ಎಲ್ಲವೂ ಮಕರಂದಕ್ಕೆ ಬಂದು ಜಗಳ ಆಡುತ್ತವೆ. ಕತ್ತಲಲ್ಲಿ ತೋಟದೊಳಗೆ ಮಾತ್ರ ನುಗ್ಗಬೇಡಿ. ರಾತ್ರಿ ಆನೆ ಬಂದಿತ್ತಾ ಅಂತ ಲೈನ್‌ಮನೆಯಲ್ಲಿರುವ ತೋಟದ ಕೆಲಸಗಾರರನ್ನು ಮೊದಲು ಕೇಳಿ. ನನ್ನನ್ನು ಕೇಳಿದರೆ ಮನೆ ಜಗುಲಿಯೇ ಸಾಕು, ಕಾಫಿಯೂ ಕೈಗೆ ಸಿಗುತ್ತದೆ.

2. ಬೈನಾಕ್ಯುಲರ್. 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು ಇದ್ದರೆ ಸಾಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 'ಸೂಪರ್ ಝೂಮ್' ನಂಬಿ ನಾನೊಮ್ಮೆ ದುಡ್ಡು ಕಳೆದುಕೊಂಡಿದ್ದೇನೆ. ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಹಕ್ಕಿಯ ಬದಲು ಮಂಜು ಕಾಣುತ್ತದೆ.

3. ಈಗ ಕೇಳಿ. ಎಲ್ಲರೂ ಎಡವುವುದು ಇಲ್ಲೇ. ಆರು ಗಂಟೆಗೆ, ಇನ್ನೂ ಬೆಳಕು ಹರಿಯುವ ಮೊದಲೇ ಕುಳಿತುಕೊಳ್ಳಿ. ಮೊದಲು ಮಡಿವಾಳ ಹಕ್ಕಿ. ಚಳಿಗಾಲವೆಲ್ಲ ಪೊದೆ ಬುಡದಲ್ಲಿ ಚರ್ರ್ ಚರ್ರ್ ಅಂತ ಗೊಣಗಿಕೊಂಡಿದ್ದ ಗಂಡು ಒಂದು ದಿನ ಮರದ ತುದಿಗೇರಿ ಬಾಲ ಎತ್ತಿ ಇಳಿಸಿ ಉದ್ದಕ್ಕೆ ಹಾಡುತ್ತದೆ. ನನ್ನ ಪ್ರಕಾರ ಇದಕ್ಕಿಂತ ಖಾತ್ರಿಯಾದ ಗುರುತಿಲ್ಲ, ಕೋಗಿಲೆಗೂ ಎರಡನೇ ಜಾಗವೇ.

ಕೋಗಿಲೆ ಎಲ್ಲಿಂದಲೋ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಇಲ್ಲೇ ಇರುತ್ತದೆ, ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೆ. ಶುರುವಿನಲ್ಲಿ ಗಂಡಿನ ಕೂಗು ಅರ್ಧಕ್ಕೇ ನಿಲ್ಲುತ್ತದೆ, ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ಕುಹೂ ಕುಹೂ ಅಂತ ಒಂದೊಂದು ಸಲಕ್ಕೂ ಸ್ವರ ಏರಿಸುತ್ತಾ ಹೋಗುತ್ತದೆ. ಇದೇ ಹೊತ್ತಿಗೆ ಇನ್ನೊಂದು ಹಕ್ಕಿ ಮೂರು ಸ್ವರದಲ್ಲಿ ಏರಿ ಏರಿ, ಇನ್ನೇನು ಕಿರುಚಿಯೇ ಬಿಡುತ್ತದೆ ಅನ್ನುವಾಗ ತಟ್ಟನೆ ನಿಲ್ಲಿಸುತ್ತದೆ. ನೋಡಲು ಗಿಡುಗನಂತಿರುವ ಇದು ಕೋಗಿಲೆಯ ನೆಂಟ, ಕೋಗಿಲೆಯಲ್ಲ. ಕುಕ್ ಕುಕ್ ಕುಕ್ ಅಂತ ಅವಸರದಲ್ಲಿ ಕೂಗಿ ಹಾರಿದರೆ ಅದು ಹೆಣ್ಣು ಕೋಗಿಲೆ. ಅದು ಕಂಡರೆ ಹತ್ತಿರದ ಮರದಲ್ಲಿ ಕಾಗೆ ಕಡ್ಡಿ ಜೋಡಿಸುತ್ತಿದೆಯಾ ನೋಡಿ. ಮೊಟ್ಟೆ ಇಡಲು ಅದಕ್ಕೆ ಕಾಗೆಯ ಗೂಡೇ ಬೇಕಲ್ವಾ?

ಇಷ್ಟೆಲ್ಲ ಕಲಿತ ಮೇಲೂ ನಿಮ್ಮನ್ನು ಬೇಸ್ತು ಬೀಳಿಸುವವನು ಭೀಮರಾಜ. ಬಾಲದ ತುದಿಯಲ್ಲಿ ಎರಡು ಕುಚ್ಚು ಇಳಿಬಿಟ್ಟುಕೊಂಡ ಈ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಚೆನ್ನಾಗಿ ಅಣಕಿಸುತ್ತದೆ. ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಕೂಡ ಇದರ ಮುಂದೆ ಸೋಲುತ್ತದೆ. ಒಂದೇ ಮರದಿಂದ ಎರಡು ನಿಮಿಷದಲ್ಲಿ ಮೂರು ನಾಲ್ಕು ಹಕ್ಕಿ ಕೂಗಿದರೆ ಅನುಮಾನ ಪಡಿ. ಒಂದೇ ಕೂಗನ್ನು ಎರಡು ಮೂರು ದಿನ ಬೇರೆ ಬೇರೆ ದಿಕ್ಕಿನಿಂದ ಕೇಳಿದ ಮೇಲೆ ಬರೆದುಕೊಳ್ಳಿ. ಮತ್ತೆ, ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಅಡ್ಡದಾರಿ ಬೇಡವೇ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ಸುಮ್ನೆ ಗಾಬರಿಯಾಗುತ್ತದೆ.

4. ಕಾಫಿ ಹೂ ನಂಬಬೇಡಿ. ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ನಿಜ. ಆದರೆ ಈಗ ರೋಬಸ್ಟಾ ಜಾತಿಯ ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಬಿಡುತ್ತಾರೆ. ಆಗ ಹೂವಿನ ತಾರೀಖನ್ನು ಪಂಪ್‌ಸೆಟ್ ನಿರ್ಧರಿಸುತ್ತದೆ. ಹೂ ಅರಳಿದ ದಿನ ತುಡುವೆ ಜೇನಿನ ಗದ್ದಲ ನೋಡಲು ಹೋಗಿ, ಮನಸ್ಸಿಗೆ ಖುಷಿ. ಲೆಕ್ಕಕ್ಕೆ ಹಿಡಿಯಬೇಡಿ.

5. ನೆಲವನ್ನೂ ನೋಡಿ. ಒಣಕೊಂಬೆಯ ಕೆಳಗಿನ ಕಾಫಿ ಎಲೆಗಳ ಮೇಲೆ ಮರದ ಪುಡಿ ಬಿದ್ದಿದೆಯಾ? ಹಿಟ್ಟಿನಂತೆ ನುಣ್ಣಗಿದ್ದರೆ ಹುಳದ ಕೆಲಸ. ಚೂರು ಚೂರಾಗಿದ್ದರೆ ತಲೆ ಎತ್ತಿ, ಕುಟುರ ಹಕ್ಕಿ ಗೂಡು ಕೊರೆಯುತ್ತಿರಬಹುದು. ಬರೀ ಕುಟ್ರೂ ಕುಟ್ರೂ ಕೂಗು ಸಾಕ್ಷಿಯಲ್ಲ, ಅದು ಚಳಿಯಲ್ಲೂ ಕೂಗುತ್ತದೆ.

6. ಒಂಟಿ ಮಂಗಟ್ಟೆ. ಜೋಡಿಯಾಗಿ ನಗುವ ಹಾಗೆ ಕೂಗುತ್ತಾ ಹಾರುತ್ತಿದ್ದ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಲ್ಲಿ ಒಂದೇ ಕಾಣಿಸಿದರೆ, ಅದೂ ಕೊಕ್ಕಿನಲ್ಲಿ ಹಣ್ಣು ಹಿಡಿದು ದಿನವೂ ಒಂದೇ ಮರಕ್ಕೆ ಹೋಗುತ್ತಿದ್ದರೆ, ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡಿದೆ ಎಂದೇ ತಿಳಿಯಿರಿ. ಸಣ್ಣ ಸೀಳೊಂದೇ ಬಾಕಿ, ಊಟವೆಲ್ಲ ಅದರ ಮೂಲಕ. ದಯವಿಟ್ಟು ಮರದ ಬುಡಕ್ಕೆ ಹೋಗಬೇಡಿ. ನೀವು ಅಲ್ಲಿರುವಷ್ಟು ಹೊತ್ತು ಗಂಡು ಹತ್ತಿರ ಸುಳಿಯದೆ ಹೋಗಬಹುದು, ಒಳಗಿರುವವರು ಉಪವಾಸ. ಒಳ್ಳೆಯ ಫೋಟೋ ಸಿಗಲಿಲ್ಲ ಅಂತ ನೆಂಟರೊಬ್ಬರು ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದರು. ಮುನಿಸಿಕೊಳ್ಳಲಿ.

7. ಹೋದವರ ಲೆಕ್ಕ. ತೋಡಿನ ಬಂಡೆ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಕುಂಡೆಕುಸ್ಕ ಚಳಿಗಾಲದ ಅತಿಥಿ. ಏಪ್ರಿಲ್ ಹೊತ್ತಿಗೆ ಉತ್ತರಕ್ಕೆ ಹೊರಟಿರುತ್ತದೆ. ಅದನ್ನು ಕೊನೆಯ ಸಲ ಕಂಡ ತಾರೀಖು ಆಮೇಲೆ ನೆನಪಾಗುವುದೇ ಇಲ್ಲ, ಅದಕ್ಕೇ ಮಾರ್ಚ್‌ನಿಂದ ಕಂಡ ದಿನವೆಲ್ಲ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ.