ಹೊಸೂರಿಂದ ನರಸಾಪುರಕ್ಕೆ ಫ್ಯಾಕ್ಟರಿ ಶಿಫ್ಟ್: ಒಬ್ಬೊಬ್ರದು ಒಂದೊಂದು ಲೆಕ್ಕ

ನಮ್ದು ತಮಿಳುನಾಡಿನ ಹೊಸೂರಲ್ಲಿ ಚಿಕ್ಕ ಮಷಿನಿಂಗ್ ಯೂನಿಟ್, ಟೂ ವೀಲರ್ ಪಾರ್ಟ್ಸ್ ಮಾಡ್ತೀವಿ, ಪ್ಲಾಂಟ್ ನೋಡ್ಕೊಳ್ಳೋದು ನಾನು. ದೊಡ್ಡ ಕಸ್ಟಮರ್ ಕೋಲಾರದ ನರಸಾಪುರದಲ್ಲಿರೋದ್ರಿಂದ ಇಡೀ ಫ್ಯಾಕ್ಟರೀನೇ ಅಲ್ಲಿಗೆ ಎತ್ಕೊಂಡು ಹೋಗ್ಬೇಕು ಅಂತ ಓನರ್‌ಗೆ ಹಠ. ಬಾಗಲೂರು, ಮಾಲೂರು ಮೇಲೆ ಹೋದ್ರೆ ಐವತ್ತು ಕಿಲೋಮೀಟರ್ ಆಸುಪಾಸು, ಅದೇನ್ ಮಹಾ ದೂರ ಅಂತಾರೆ. ಕಾರಲ್ಲಿ ಹೋಗೋರ್ಗೆ ದೂರ ಅಲ್ಲ ಬಿಡಿ.

ನಾನು ಮಾಡಿದ್ದೇನಂದ್ರೆ ಎಲ್ರನ್ನೂ ಒಟ್ಟಿಗೆ ಕೂರ್ಸೋ ಮೀಟಿಂಗ್ ನಿಲ್ಸಿಬಿಟ್ಟೆ, ಅಲ್ಲಿ ಒಬ್ಬರ ಮುಖ ನೋಡ್ಕೊಂಡು ಇನ್ನೊಬ್ರು ಮಾತಾಡ್ತಾರೆ ಅಷ್ಟೆ. ಬೇರೆ ಬೇರೆ ಕೂತು ಎಲ್ರಿಗೂ ಒಂದೇ ಪ್ರಶ್ನೆ, ನೀವು ಒಪ್ಬೇಕು ಅಂದ್ರೆ ಏನಾಗ್ಬೇಕು?

ಕಸ್ಟಮರ್ ಕಡೆ ಪರ್ಚೇಸ್‌ನೋರಿಗೆ ಖುಷಿ. ಕ್ವಾಲಿಟಿಯೋರು ಮಾತ್ರ, ಮಷೀನ್ ಜಾಗ ಬದಲಾದ್ರೆ ಪಿಪ್ಯಾಪ್ (PPAP, ಪಾರ್ಟ್ ಅಪ್ರೂವಲ್ ಪೇಪರ್) ಮತ್ತೆ ಕೊಡಿ ಅಂದ್ರು, ಅಂದ್ರೆ ಹೊಸ ಜಾಗದಲ್ಲಿ ಓಡ್ಸಿ ಅಳ್ದು ಪೇಪರೆಲ್ಲಾ ಹೊಸದಾಗಿ ಮಾಡ್ಬೇಕು, ಅಪ್ರೂವಲ್ ಬರೋವರ್ಗೆ ಸ್ಟಾಕ್ ಮಾಡಿಟ್ಕೋಬೇಕು, ಆ ಸ್ಟಾಕಿಗೆ ದುಡ್ಡು ಬ್ಯಾಂಕಿಂದ ಬರ್ಬೇಕು, ಬ್ಯಾಂಕಿನೋರು ಮಷೀನ್ ನಮ್ಗೆ ಹೈಪಾಥಿಕೇಶನ್ ಆಗಿದೆ, ಅಂದ್ರೆ ಸಾಲಕ್ಕೆ ಅಡ ಇದೆ, ಒಪ್ಪಿಗೆ ಪತ್ರ ಇಲ್ದೆ ಒಂದು ಬೋಲ್ಟೂ ಬಿಚ್ಬೇಡಿ ಅಂತಾರೆ. ಇದ್ರ ಮೇಲೆ ಆಡಿಟರ್ರು, ರಾಜ್ಯ ಬೇರೆಯಾದ್ರೆ ಜಿಎಸ್‌ಟಿ ನಂಬರ್ರೂ ಬೇರೆ, ನಿಮ್ಮ ಮಷೀನ್ ನಿಮ್ಮದೇ ಹೊಸ ಶೆಡ್ಡಿಗೆ ಕಳ್ಸೋಕೂ ಟ್ಯಾಕ್ಸ್ ಇನ್ವಾಯ್ಸ್ ಹಾಕ್ಬೇಕು ಅಂದ್ರು.

ನಿಜವಾದ ಲೆಕ್ಕ ಸಿಕ್ಕಿದ್ದು ಫೈನಲ್ ಇನ್‌ಸ್ಪೆಕ್ಷನ್ ಟೇಬಲ್ಲಲ್ಲಿ. ಅಲ್ಲಿರೋರೆಲ್ಲ ಹೆಚ್ಚಾಗಿ ಕೆಲಮಂಗಲ, ಡೆಂಕಣಿಕೋಟೆ ಕಡೆ ಹೆಂಗಸರು. ಕೈಯಲ್ಲಿ ತೂತಿನ ಅಳತೆ ನೋಡೋ ಪ್ಲಗ್ ಗೇಜ್ ಹಿಡ್ಕೊಂಡೇ ಒಬ್ಬಕ್ಕ ಕೇಳಿದ್ರು, "ಸಂಬಳ ಜಾಸ್ತಿ ಮಾಡ್ತೀರ, ಸರಿ ಸಾರ್. ಬಸ್ಸಿಗೆ ಎಷ್ಟ್ ಹೋಗುತ್ತೆ ನೋಡಿದೀರಾ?" ನೋಡ್ದೆ. ತಮಿಳುನಾಡಲ್ಲಿ 2021ರಿಂದ ಸಾಧಾರಣ ಟೌನ್ ಬಸ್ಸಲ್ಲಿ ಹೆಂಗಸರಿಗೆ ಫ್ರೀ. ಕರ್ನಾಟಕದಲ್ಲೂ 2023ರಿಂದ ಶಕ್ತಿ ಯೋಜನೆ ಇದೆ, ಆದ್ರೆ ಅದಕ್ಕೆ ಕರ್ನಾಟಕದ ವಿಳಾಸ ಇರೋ ಕಾರ್ಡೇ ಆಗ್ಬೇಕು. ಇವರ ಮನೆಮಾತು ಕನ್ನಡ ಆದ್ರೇನು, ಆಧಾರಲ್ಲಿರೋದು ಕೃಷ್ಣಗಿರಿ ಜಿಲ್ಲೆ. ಬಸ್ ಚಾರ್ಜು, ಮನೆ ಬಿಡೋ ಟೈಮು, ರಾತ್ರಿ ಊರಿಗೆ ಲಾಸ್ಟ್ ಬಸ್ಸು ಎಲ್ಲಾ ಸೇರ್ಸಿ ನೋಡಿದ್ರೆ ಇಂಕ್ರಿಮೆಂಟಲ್ಲಿ ಏನೂ ಉಳಿಯಲ್ಲ. ಓನರ್ ಇದನ್ನ "ಲೇಬರ್ ಪ್ರಾಬ್ಲಂ" ಅಂತಿದ್ರು, ನನಗಂತೂ ಇದು ಅವರದಕ್ಕಿಂತ ನೀಟಾದ ಖರ್ಚಿನ ಲೆಕ್ಕ ಅನ್ನಿಸ್ತು.

ಓನರ್ ಶೀಟಲ್ಲಿ ಉಳಿತಾಯ ಅಂತ ಇದ್ದಿದ್ದು ಲಾರಿ ಬಾಡಿಗೆ, ಶೆಡ್ ಬಾಡಿಗೆ ಎರಡೇ. ಅದರ ಪಕ್ಕದಲ್ಲೇ ನಾನು ಇನ್ನೊಂದು ಕಾಲಂ ಹಾಕ್ದೆ, ಕಂಪನಿ ಬಸ್ಸು, ಸ್ಟಾಕಿನ ಬಡ್ಡಿ, ಬರಲ್ಲ ಅನ್ನೋ ಪರ್ಮನೆಂಟ್ ಕೆಲಸಗಾರರಿಗೆ ಸರ್ವೀಸಿನ ವರ್ಷಕ್ಕೆ 15 ದಿನದ ಸಂಬಳದಂಗೆ ಪರಿಹಾರ, 5 ವರ್ಷ ಆದೋರ್ಗೆ ಗ್ರಾಚ್ಯುಟಿ. ಅದು ನೋಡಿದ್ಮೇಲೆ ಅವರೇ "ಪೂರ್ತಿ ಯಾಕೆ, ಒಂದ್ ಲೈನ್ ಹೋಗ್ಲಿ" ಅಂದ್ರು. ಐಡಿಯಾ ಅವರದ್ದೇ ಅಂತ ಈಗ್ಲೂ ಹೇಳ್ಕೊಂಡು ಓಡಾಡ್ತಾರೆ, ಹೇಳ್ಕೊಳ್ಳಲಿ.

ಆ ಕಸ್ಟಮರಿನ ಫಿನಿಶಿಂಗ್ ಲೈನ್ ಮಾತ್ರ ನರಸಾಪುರಕ್ಕೆ ಹೋಯ್ತು, ರೂಮ್ ಕೊಟ್ರೆ ಹೋಗ್ತೀವಿ ಅಂದ ಹುಡುಗ್ರು ಅದರ ಜೊತೆ ಹೋದ್ರು. ಟೂಲ್ ರೂಮು, ಉಳಿದ ಪಾರ್ಟ್ಸು, ಅಕ್ಕಂದಿರ ಟೇಬಲ್ಲು ಹೊಸೂರಲ್ಲೇ ಇದೆ. ಎರಡು ಕಡೆ ಕರೆಂಟ್ ಬಿಲ್ಲು ಅಂತ ಓನರ್ ಗೊಣಗೋದು ನಿಂತಿಲ್ಲ. ರಜೆ ಲಿಸ್ಟು ಇನ್ನೂ ಫೈನಲ್ ಆಗಿಲ್ಲ, ಹೋದ ಹುಡುಗ್ರಿಗೆ ನವೆಂಬರ್ 1 ರಜೆ ಸಿಕ್ತು, ಪೊಂಗಲ್‌ಗೆ ಹೊಸೂರಲ್ಲಿ ಸಿಗೋವಷ್ಟು ದಿನ ನಮಗೂ ಬೇಕು ಅಂತ ಕೂತಿದಾರೆ.