ಹಾಜರಿ ಪುಸ್ತಕದ ಅಡ್ಡಸಾಲು

ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊತ್ತ ಬರೆಯಲು ಎರಡು ಕಡೆ ಜಾಗವಿರುತ್ತದೆ. ಪುಟದ ಬುಡದಲ್ಲಿ ಆಯಾ ದಿನ ಬಂದ ಮಕ್ಕಳ ಸಂಖ್ಯೆ, ಬಲತುದಿಯಲ್ಲಿ ಆ ತಿಂಗಳು ಒಂದೊಂದು ಮಗು ಎಷ್ಟು ದಿನ ಬಂದಿದೆ ಎಂಬ ಲೆಕ್ಕ. ಬುಡದ ಮೊತ್ತವನ್ನು ಬಿಸಿಯೂಟದ ಅಡುಗೆಯವರಿಂದ ಹಿಡಿದು ಸುತ್ತಲಿನ ಶಾಲೆಗಳ ಮೇಲ್ವಿಚಾರಣೆ ನೋಡುವ ಸಿಆರ್‌ಪಿಯವರೆಗೆ ಎಲ್ಲರೂ ಕೇಳುತ್ತಾರೆ. ಬಲತುದಿಯದನ್ನು ಕೇಳುವವರು ಕಡಿಮೆ. ಯಾದಗಿರಿ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕನಾಗಿ ಗೈರುಹಾಜರಿಯನ್ನು ತಗ್ಗಿಸಲು ನಾನು ಮಾಡಿದ ಕೆಲಸವೆಲ್ಲ ಆ ಬಲತುದಿಯ ಲೆಕ್ಕವನ್ನು ಪ್ರತಿ ತಿಂಗಳೂ ಕುಳಿತು ಓದುವುದರಿಂದ ಶುರುವಾಯಿತು.

ಶಾಲೆಯ ಸರಾಸರಿ ಹಾಜರಾತಿ ಶೇ 90 ಎಂದರೆ ಕೇಳಲು ಹಿತವಾಗಿರುತ್ತದೆ. ಆದರೆ 40 ಮಕ್ಕಳ ತರಗತಿ 20 ದಿನ ನಡೆದರೆ ಒಟ್ಟು 800 ಹಾಜರಿಗಳಾಗಬೇಕು. ಅದರಲ್ಲಿ 80 ಗೈರು ಬಿದ್ದರೆ ಶೇ 90 ಆಗುತ್ತದೆ. ಆ 80 ಗೈರು ಪ್ರತಿ ಮಗುವೂ ಎರಡೆರಡು ದಿನ ತಪ್ಪಿಸಿಕೊಂಡದ್ದರಿಂದ ಬಂದಿರಬಹುದು, ಇಲ್ಲವೇ ನಾಲ್ಕು ಮಕ್ಕಳು ತಿಂಗಳಿಡೀ ಶಾಲೆಯ ಕಡೆ ತಲೆಹಾಕದೆ ಇದ್ದುದರಿಂದಲೂ ಬಂದಿರಬಹುದು. ಮೊದಲನೆಯದಕ್ಕೆ ಜ್ವರ, ಮದುವೆ, ಜಾತ್ರೆಗಳು ಕಾರಣವಾಗಿದ್ದರೆ ಎರಡನೆಯದು ನಾಲ್ಕು ಮನೆಗಳ ಸಂಗತಿ. ಮೇಲಿನ ಕಚೇರಿಗೆ ಹೋಗುವ ನಮೂನೆಯಲ್ಲಿ ಮಾತ್ರ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಶಾಲಾ ದಿನಗಳು ಇರಬೇಕು. ಇದರ ಹತ್ತನೇ ಒಂದು ಪಾಲನ್ನು, ಅಂದರೆ ಹಿರಿಯ ತರಗತಿಗಳಲ್ಲಿ 22 ದಿನಗಳನ್ನು, ಕಳೆದುಕೊಳ್ಳುವ ಮಗುವನ್ನು ನಾನು ಗುರುತು ಹಾಕಿಕೊಳ್ಳತೊಡಗಿದೆ. ತಿಂಗಳ ಲೆಕ್ಕದಲ್ಲಿ ಅದು ಬರೀ ಎರಡು ದಿನ. ಯಾವ ಶಿಕ್ಷಕರ ಕಣ್ಣಿಗೂ ಬೀಳುವಂಥದ್ದಲ್ಲ. ಈ ಗಡಿ ನಾನು ಕಟ್ಟಿದ್ದೇನಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2015-16ರಿಂದ ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಗೈರಾದ ಮಕ್ಕಳನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ಕೋವಿಡ್‌ಗೆ ಮುಂಚಿನ 2018-19ರಲ್ಲಿ ಅಲ್ಲಿ ಒಟ್ಟು ಗೈರುಹಾಜರಿ ಶೇ 4.7 ಇದ್ದದ್ದು 2021-22ಕ್ಕೆ ಶೇ 7.6 ಆಯಿತು. ಇಷ್ಟೇ ನೋಡಿದವರಿಗೆ ಸುಮಾರು ಮೂರು ಶೇಕಡಾ ಅಂಶಗಳ ಏರಿಕೆ ಕಾಣುತ್ತದೆ. ಅದೇ ಅವಧಿಯಲ್ಲಿ ಪದೇ ಪದೇ ತಪ್ಪಿಸಿಕೊಳ್ಳುವ ಮಕ್ಕಳ ಪಾಲು ಶೇ 10.9ರಿಂದ ಶೇ 22.5ಕ್ಕೆ, ದುಪ್ಪಟ್ಟಿಗೂ ಮೀರಿ, ಹೋಗಿತ್ತು. ನಮ್ಮಲ್ಲಿ ಪಾಲಕರಿಗೂ ಎಷ್ಟೋ ಶಿಕ್ಷಕರಿಗೂ ಗೊತ್ತಿರುವ ಅಂಕಿ ಒಂದೇ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಬೇಕಾದ ಶೇ 75. ಅದನ್ನೇ ಗುರಿ ಎಂದುಕೊಂಡರೆ 220 ದಿನಗಳಲ್ಲಿ 55 ದಿನ ಮನೆಯಲ್ಲಿ ಉಳಿಯಬಹುದು ಎಂದಾಗುತ್ತದೆ.

ಲೆಕ್ಕ ಹಾಕುವ ಮೊದಲು ದಾಖಲಾತಿ ನಿಜವಾಗಿರಬೇಕು. ವರ್ಗಾವಣೆ ಪತ್ರ ಪಡೆಯದೆ ಊರು ಬಿಟ್ಟವರ ಹೆಸರು ಪುಸ್ತಕದಲ್ಲಿ ಉಳಿದರೆ ಹಾಜರಾತಿ ಸುಳ್ಳೇ ಇಳಿಯುತ್ತದೆ. ತೊಂದರೆ ಕೊಡುವ ಮಗುವಿನ ಹೆಸರನ್ನು ಹೊಡೆದುಹಾಕಿದರೆ ಸುಳ್ಳೇ ಏರುತ್ತದೆ. ಈ ಎರಡನೆಯ ಉಪಾಯ ಎಷ್ಟು ಸಲೀಸು ಎಂಬುದು ಮುಖ್ಯ ಶಿಕ್ಷಕರಿಗೆಲ್ಲ ಗೊತ್ತು. ಆದ್ದರಿಂದ ಮಗು ಬೇರೆ ಶಾಲೆಗೆ ಸೇರಿರುವುದು ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಖಚಿತವಾಗುವ ತನಕ ಯಾರ ಹೆಸರನ್ನೂ ತೆಗೆಯುವುದಿಲ್ಲ ಎಂಬ ನಿಯಮವನ್ನು ಸಿಬ್ಬಂದಿ ಸಭೆಯಲ್ಲಿ ಬರೆದಿಟ್ಟೆವು. ಬಿಸಿಯೂಟದ ಪುಸ್ತಕದ ಸಂಖ್ಯೆಯನ್ನೂ ಹಾಜರಿಯನ್ನೂ ದಿನವೂ ತಾಳೆ ನೋಡುವ ಕೆಲಸವನ್ನು ನಾನೇ ಇಟ್ಟುಕೊಂಡೆ. ಮಧ್ಯಾಹ್ನದ ಹಾಜರಿಯನ್ನು ಬೆಳಗಿನದನ್ನು ನೋಡಿ ನಕಲು ಮಾಡದೆ ಊಟದ ನಂತರ ಮತ್ತೆ ಕೂಗಿ ಹಾಕತೊಡಗಿದ ಮೇಲೆ, ಉಂಡು ಹೊಲದ ದಾರಿ ಹಿಡಿಯುವವರು ಯಾರೆಂಬುದೂ ತಿಳಿಯಿತು.

ಒಂದೊಂದು ಮಗುವಿನ ಹೆಸರಿನ ಮುಂದಿನ ಅಡ್ಡಸಾಲನ್ನು ಓದುವುದಕ್ಕೂ ಒಂದು ರೂಢಿ ಬೇಕು. ಗೈರು ತೋರಿಸುವ ಕೆಂಪು ಶಾಯಿಯ ಗುರುತುಗಳು ಒಟ್ಟಿಗೇ ಬಂದಿದ್ದರೆ ಕಾಯಿಲೆ ಅಥವಾ ಪರವೂರ ಪ್ರಯಾಣ. ಪ್ರತಿ ವಾರ ಅದೇ ದಿನ ಗುರುತು ಬಿದ್ದಿದ್ದರೆ ಬಹುಪಾಲು ಸಂತೆ. ಬಿಡಿಬಿಡಿಯಾಗಿ ಚೆಲ್ಲಿದಂತಿದ್ದರೆ ಮನೆಯಲ್ಲಿ ಮಗುವಿನ ಕೈಯಿಂದ ಆಗಬೇಕಾದ ಕೆಲಸವೊಂದಿದೆ. ಏಳನೆಯ ತರಗತಿಯ ಒಬ್ಬ ಹುಡುಗಿಯ ಸಾಲು ದಸರಾ ರಜೆಯ ತನಕ ಸ್ವಚ್ಛವಾಗಿದ್ದು, ಹತ್ತಿ ಬಿಡಿಸುವ ಕಾಲ ಬಂದದ್ದೇ ಕೆಂಪಾಗತೊಡಗಿತು. ಅವಳೂ ಕೂಲಿಗೆ ಹೋಗುತ್ತಿರಬೇಕೆಂದು ತರಗತಿ ಶಿಕ್ಷಕಿಯ ಜೊತೆ ಮನೆಗೆ ಹೋದರೆ ಹುಡುಗಿ ಕಟ್ಟೆಯ ಮೇಲೆ ಕೂಸನ್ನು ಆಡಿಸುತ್ತಿದ್ದಳು. ‘ಅವರವ್ವ ಹತ್ತಿ ಬಿಡಸಾಕ ಹೋಗ್ಯಾಳ್ರಿ ಸರ, ನನ್ನ ಕೈಲಿ ಈ ಕೂಸು ನಿಲ್ಲಂಗಿಲ್ರಿ’ ಎಂದರು ಮಂಡಿನೋವಿನ ಅಜ್ಜಿ. ಕೂಸಿಗೆ ಅಂಗನವಾಡಿಯ ವಯಸ್ಸು ಇನ್ನೂ ಆಗಿರಲಿಲ್ಲ. ಶಿಕ್ಷಣದ ಮಹತ್ವ ಕುರಿತು ಭಾಷಣ ಮಾಡುವ ಜಾಗ ಅದಲ್ಲ. ತಾಯಿಯ ಕೂಲಿ ಆ ಮನೆಗೆ ಬೇಕೇ ಬೇಕು. ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಮಾತಾಡಿ, ಹುಡುಗಿ ಕೂಸನ್ನು ಕರೆದುಕೊಂಡೇ ಬರಬಹುದೆಂದು ಒಪ್ಪಿಸಿದೆವು. ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಆಡುತ್ತ ಕಲಿಯುವ ನಲಿಕಲಿ ಕೋಣೆಯ ನೆಲದಲ್ಲಿ ಚಿಕ್ಕ ಮಕ್ಕಳ ನಡುವೆ ಅದು ಸುಮ್ಮನೆ ಆಡಿಕೊಂಡಿರುತ್ತಿತ್ತು. ಇದು ಯಾವ ಸುತ್ತೋಲೆಯಲ್ಲೂ ಇಲ್ಲ, ತಪಾಸಣೆಗೆ ಬಂದವರೊಬ್ಬರು ಆಕ್ಷೇಪಿಸಿಯೂ ಇದ್ದರು. ಆದರೂ ಮುಂದಿನ ತಿಂಗಳ ಅವಳ ಸಾಲನ್ನು ತೋರಿಸಿದ ಮೇಲೆ ಮಾತು ಅಲ್ಲಿಗೆ ನಿಂತಿತು.

ಗುಳೆಯ ವಿಷಯ ಇಷ್ಟು ಸುಲಭವಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಮನೆಮಂದಿಯೆಲ್ಲ ಹೊರಟರೆ ಶಾಲೆ ಅವರನ್ನು ತಡೆಯಲಾರದು. ಸತತ ಏಳು ದಿನ ಹೇಳದೆ ಕೇಳದೆ ಗೈರಾದ ಮಗುವಿನ ಬಗ್ಗೆ ಹಾಜರಾತಿ ಪ್ರಾಧಿಕಾರಕ್ಕೆ ತಿಳಿಸಬೇಕೆಂಬ ನಿಯಮ ಸರಿಯೇ, ಆದರೆ ಅಷ್ಟರಲ್ಲಿ ಮಗು ನೂರಾರು ಕಿಲೋಮೀಟರ್ ದೂರದ ಶೆಡ್ಡಿನಲ್ಲಿರುತ್ತದೆ. ನಾವು ಮಾಡಿದ್ದು ಹೊರಡುವ ಮುಂಚಿನ ಕೆಲಸ. ಅಜ್ಜ ಅಜ್ಜಿ ಊರಲ್ಲಿ ಉಳಿಯುವ ಮನೆಗಳಲ್ಲಿ ಮಗುವನ್ನು ಅವರ ಬಳಿ ಬಿಡುವಂತೆ, ಯಾರೂ ಉಳಿಯದಿದ್ದರೆ ಹಾಸ್ಟೆಲಿಗೆ ಸೇರಿಸುವಂತೆ ಕೇಳಿಕೊಳ್ಳುವುದು; ಅದೂ ಆಗದಿದ್ದರೆ ಹೋಗುವ ಊರು, ಮೇಸ್ತ್ರಿಯ ಫೋನ್ ನಂಬರು ಬರೆದುಕೊಂಡು, ಮಗುವಿನ ಎಸ್‌ಎಟಿಎಸ್ ಸಂಖ್ಯೆ ಮತ್ತು ತರಗತಿ ಬರೆದ ಚೀಟಿಯೊಂದನ್ನು ತಾಯಿಯ ಕೈಗೆ ಕೊಡುವುದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್ ಹೇಳುತ್ತದೆ ಎಂಬುದನ್ನೂ ಆ ಚೀಟಿಯ ಕೆಳಗೆ ಬರೆಯುತ್ತೇವೆ. ಚೀಟಿ ಹಿಡಿದು ಹೋದವರಲ್ಲಿ ಕೆಲವರು ಬೆಂಗಳೂರಿನ ಶಾಲೆ ಸೇರಿದರು, ಹಲವರು ಸೇರಲಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮವರು ಬರೆಯಲು ಹಿಂಜರಿಯುತ್ತಾರೆ. ತರಬೇತಿ, ಸಮೀಕ್ಷೆ, ಚುನಾವಣಾ ಕೆಲಸ ಎಂದು ಇಬ್ಬರು ಶಿಕ್ಷಕರು ಒಟ್ಟಿಗೆ ಹೊರಗೆ ಹೋದ ವಾರಗಳ ಹಾಜರಿಯನ್ನು ತರಗತಿವಾರು ಬಿಡಿಸಿ ನೋಡಿದಾಗ, ಎರಡು ತರಗತಿಗಳನ್ನು ಕೂಡಿಸಿ ಕೂರಿಸಿದ ದಿನದ ಮರುದಿನ ಆ ತರಗತಿಗಳಲ್ಲಿಯೇ ಮಕ್ಕಳು ಕಡಿಮೆಯಾಗಿದ್ದರು. ಪಾಠ ನಡೆಯುವುದಿಲ್ಲವೆಂಬುದು ಮಕ್ಕಳಿಗೆ ಪಾಲಕರಿಗಿಂತ ಬೇಗ ಗೊತ್ತಾಗುತ್ತದೆ. ಈ ಅಂಕಿಗಳನ್ನು ಲಗತ್ತಿಸಿ, ಒಂದೇ ದಿನ ಇಬ್ಬರನ್ನು ನಿಯೋಜಿಸಬಾರದೆಂದು ಮೇಲಿನ ಕಚೇರಿಗೆ ಪತ್ರ ಬರೆದೆ. ತರಬೇತಿಗಳ ಮಟ್ಟಿಗೆ ಒಪ್ಪಿದರು. ಸಮೀಕ್ಷೆ ಮತ್ತು ಚುನಾವಣೆಯ ಆದೇಶಗಳು ಈಗಲೂ ಮೊದಲಿನಂತೆಯೇ ಬರುತ್ತಿವೆ.